ಕೇಬಲ್ ಪಕ್ಕದ ಮೊಳೆಯಲ್ಲಿ ಎಷ್ಟು ಕಾಂತತ್ವ ಉಳಿಯಬಹುದೆಂದು ಲೆಕ್ಕ ಹಾಕಲು ಸಾಧ್ಯವೇ?

ವೈರಿಂಗ್ ಗುತ್ತಿಗೆದಾರ: ಬೆಂಕಿ ಬಿದ್ದ ಗೋದಾಮೊಂದರಲ್ಲಿ, ಎರಡೆಳೆಯ ಕೇಬಲ್‌ನಿಂದ 2 ಸೆಂ.ಮೀ. ದೂರವಿದ್ದ ಮೊಳೆಗಳು ಗುಂಡುಸೂಜಿಯನ್ನು ಎಳೆಯುತ್ತಿದ್ದವು. ಶಾರ್ಟ್ ಸರ್ಕ್ಯೂಟ್ ಆಗಿತ್ತೆನ್ನಲು ಇದೇ ಸಾಕ್ಷಿ ಎಂಬುದು ಮಾಲೀಕರ ವಾದ. ಎಸಿ ವಿದ್ಯುತ್ತು ಸೆಕೆಂಡಿಗೆ 100 ಬಾರಿ ದಿಕ್ಕು ಬದಲಿಸುವಾಗ ಕಾಂತತ್ವ ಉಳಿಯುವುದಾದರೂ ಹೇಗೆ?

ಭೌತಶಾಸ್ತ್ರ ಉಪನ್ಯಾಸಕಿ: ಉಳಿಯುತ್ತದೆ ಸರ್. ಪ್ರವಾಹ ನಿಧಾನವಾಗಿ ಇಳಿದಿದ್ದರೆ ಮೊಳೆಯ ಕಾಂತತ್ವವೂ ಸುತ್ತಿನಿಂದ ಸುತ್ತಿಗೆ ಕರಗುತ್ತಿತ್ತು. ಆದರೆ ಎಂಸಿಬಿ (ಪ್ರವಾಹ ಮಿತಿಮೀರಿದಾಗ ತಾನಾಗಿ ಆಫ್ ಆಗುವ ಸ್ವಿಚ್) ಅದನ್ನು ಥಟ್ಟನೆ ಕಡಿಯುವುದರಿಂದ, ಕೊನೆಯ ಅರ್ಧ ಆವರ್ತ ಬಿಟ್ಟುಹೋದ ಗುರುತನ್ನು ಅಳಿಸಲು ಮುಂದಿನ ಆವರ್ತ ಬರುವುದೇ ಇಲ್ಲ. 1000 ಆಂಪಿಯರ್ ಹರಿಯುವ ತಂತಿಯಿಂದ 2 ಸೆಂ.ಮೀ. ದೂರದಲ್ಲಿ ಕಾಂತಕ್ಷೇತ್ರ 10 ಮಿಲಿಟೆಸ್ಲಾ (ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ), ನಮ್ಮಲ್ಲಿ ಭೂಮಿಯ ಕ್ಷೇತ್ರವೋ ಸುಮಾರು 0.04 ಮಾತ್ರ.

ನಿವೃತ್ತ ವಿದ್ಯುತ್ ಎಂಜಿನಿಯರ್: ಮೇಡಂ, ಅದು ಒಂಟಿ ತಂತಿಯ ಲೆಕ್ಕ. ಇಲ್ಲಿ ಹೋಗುವ ಪ್ರವಾಹವೂ ಮರಳುವ ಪ್ರವಾಹವೂ ಒಂದೇ ಕೇಬಲ್‌ನಲ್ಲಿವೆ. ಎಳೆಗಳ ನಡುವೆ 5 ಮಿ.ಮೀ. ಅಂತರವಿದ್ದರೆ ಒಂದರ ಕ್ಷೇತ್ರವನ್ನು ಇನ್ನೊಂದು ಬಹುಪಾಲು ಅಳಿಸಿ, ಸುಮಾರು 2.5 ಮಿಲಿಟೆಸ್ಲಾ ಉಳಿಯುತ್ತದೆ. ಪ್ರವಾಹ ಅರ್ಥಿಂಗ್ ಮೂಲಕ ಬೇರೆ ದಾರಿ ಹಿಡಿದಿದ್ದರೆ ಮಾತ್ರ ನಿಮ್ಮ 10 ಸರಿ. ಮರಳಿದ ದಾರಿ ತಿಳಿಯದೆ ಹೇಳಿದ ಅಂಕಿ ನಾಲ್ಕು ಪಟ್ಟು ತಪ್ಪಬಹುದು.

ಉಪನ್ಯಾಸಕಿ: ಒಪ್ಪಿದೆ, ನನ್ನ ಲೆಕ್ಕ ಅವಸರದ್ದು. ಅದರ ಮೇಲೆ ಮೊಳೆಯ ಗುಣವೂ ಇದೆ: ಗಡಸು ಉಕ್ಕು ಕಾಂತತ್ವವನ್ನು ಬಿಗಿಯಾಗಿ ಹಿಡಿದಿಡುತ್ತದೆ, ಮೆತ್ತನೆಯದು ಬೇಗ ಬಿಡುತ್ತದೆ, ಕ್ಷೇತ್ರದ ದಿಕ್ಕಿಗೆ ಉದ್ದಕ್ಕಿರುವ ತೆಳ್ಳನೆಯ ಮೊಳೆ ಅಡ್ಡಕ್ಕಿರುವ ಗಿಡ್ಡ ಬೋಲ್ಟಿಗಿಂತ ಹೆಚ್ಚು ಉಳಿಸಿಕೊಳ್ಳುತ್ತದೆ. ಕ್ಷೇತ್ರ ಏರಿಳಿದ ಮೇಲೆ ಲೋಹದಲ್ಲಿ ಎಷ್ಟು ಕಾಂತತ್ವ ಉಳಿಯುತ್ತದೆಂದು ಹೇಳುವ 1935ರ ಪ್ರೈಸಾಕ್ ಗಣಿತ ಮಾದರಿಯಿಂದ ಇವನ್ನು ಲೆಕ್ಕಹಾಕಬಹುದು, ಆದರೆ ಅದೇ ಉಕ್ಕಿನ ಗುಣವನ್ನು ಮೊದಲು ಅಳೆದಿರಬೇಕು. ಹಾಗಾಗಿ ನಾವು ಹೇಳಬಹುದಾದದ್ದು ಗರಿಷ್ಠ ಮಿತಿಯನ್ನಷ್ಟೇ. ಚೀನಾದಲ್ಲಿ ಬೆಂಕಿಯ ಕಾರಣ ಪತ್ತೆಗೆ ಉಳಿಕೆ ಕಾಂತತ್ವವನ್ನು ಬಳಸುವ ರಾಷ್ಟ್ರೀಯ ಮಾನದಂಡ 1997ರಲ್ಲೇ ಬಂದಿದೆ; ಅಲ್ಲಿ ಆಧಾರ ಲೆಕ್ಕವಲ್ಲ, ಅಳತೆಯೇ.

ಗುತ್ತಿಗೆದಾರ: ಹಾಗಾದರೆ ಕಾಂತತ್ವವಿಲ್ಲದ ಮೊಳೆ ಸಿಕ್ಕರೆ ಶಾರ್ಟ್ ಆಗಿರಲಿಲ್ಲ ಎನ್ನಬಹುದೇ?

ಎಂಜಿನಿಯರ್: ಖಂಡಿತ ಹೇಳಬೇಡಿ. ಕಬ್ಬಿಣ 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹಳೆಯ ಕಾಂತತ್ವವೆಲ್ಲ ಅಳಿಯುತ್ತದೆ. ಅಂತೆಯೇ, ಕಾಂತತ್ವವಿದ್ದ ಮಾತ್ರಕ್ಕೆ ಶಾರ್ಟ್ ಆಗಿತ್ತೆಂದೂ ಅಲ್ಲ, ಏಕೆಂದರೆ ಸ್ಪೀಕರ್‌ನ ಅಯಸ್ಕಾಂತದ ಪಕ್ಕ ಬಿದ್ದಿದ್ದ ಮೊಳೆಗೂ ಅದು ಬಂದಿರಬಹುದು. ಬೆಂಕಿ ತಾಗದ, ವೈರಿಂಗ್ ಇಲ್ಲದ ಗೋಡೆಯಿಂದ ಅದೇ ಬಗೆಯ ಮೊಳೆಗಳನ್ನು ತಂದು ಹೋಲಿಸಿ. ಕೀಳುವ ಮುನ್ನ ಪ್ರತಿ ಮೊಳೆಯ ದಿಕ್ಕನ್ನೂ ಕೇಬಲ್‌ನಿಂದ ಅದರ ದೂರವನ್ನೂ ಬರೆದಿಟ್ಟುಕೊಳ್ಳಿ.