ವೀಣೆ, ತಂಬೂರಿ, ಡೊಳ್ಳು, ಪಿಯಾನೊ: ಯಾವ ವಾದ್ಯಕ್ಕೆ ಯಾವ ವಾಹನ?

ಪ್ರಶ್ನೆ (ಸಕಲೇಶಪುರದ ವೀಣಾ ಶಿಕ್ಷಕಿ):

ನನ್ನ ಬಳಿ ಮೂರು ತಂಜಾವೂರು ವೀಣೆಗಳೂ ಎರಡು ಮೀರಜ್ ತಂಬೂರಿಗಳೂ ಇವೆ. ತಿಂಗಳಿಗೆ ಎರಡು ಮೂರು ಬಾರಿ ಹಾಸನಕ್ಕೆ ಹೋಗುತ್ತೇನೆ, ಅಪರೂಪಕ್ಕೆ ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ, ವರ್ಷಕ್ಕೊಮ್ಮೆ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಸಂಗೀತೋತ್ಸವಕ್ಕೆ. ಈಗಿರುವ ಸಣ್ಣ ಕಾರಿನಲ್ಲಿ ಹಿಂದಿನ ಸೀಟು ಮಡಚಿದರೂ ವೀಣೆಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಇಡಬೇಕಾಗುತ್ತದೆ, ಆಮೇಲೆ ಒಬ್ಬ ವಿದ್ಯಾರ್ಥಿನಿಗೂ ಜಾಗ ಉಳಿಯುವುದಿಲ್ಲ. ಮಲೆನಾಡಿನ ರಸ್ತೆಗೆ ಬೊಲೆರೊ ಗಟ್ಟಿ ಎಂದು ಕೆಲವರು ಹೇಳಿದರು, ಮಾರುತಿ ಇಕೊ ವ್ಯಾನು ಕೊಳ್ಳಿ ಎಂದು ಇನ್ನು ಕೆಲವರು, ಬೇಕಾದಾಗ ಪಿಕಪ್ ಬಾಡಿಗೆಗೆ ಹಿಡಿದರೆ ಸಾಕೆಂದು ಮತ್ತೊಬ್ಬರು. ವಾದ್ಯದ ಹಿತದ ದೃಷ್ಟಿಯಿಂದ ಯಾವುದು ಸರಿ ಎಂಬುದನ್ನು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ (ಹಾಸನದ ವಾದ್ಯ ದುರಸ್ತಿ ಮತ್ತು ಸಾಗಣೆ ವೃತ್ತಿಯವರು):

ಪಿಕಪ್‌ನ ವಿಚಾರವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಅದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ವೃತ್ತಿಯ ಆರಂಭದ ದಿನಗಳಲ್ಲಿ ಎರಡು ವೀಣೆಗಳನ್ನು ಖಾಲಿ ಪಿಕಪ್‌ನಲ್ಲಿ ಹಾಸಿಗೆ ಹಾಸಿ, ಹಗ್ಗ ಬಿಗಿದು, ಹಾಸನದಿಂದ ಬೇಲೂರಿನ ಮಾರ್ಗವಾಗಿ ಚಿಕ್ಕಮಗಳೂರಿಗೆ ಒಯ್ದೆ. ಚಾಲಕರು ನಿಧಾನವಾಗಿಯೇ ಓಡಿಸಿದ್ದರು. ಇಳಿಸಿ ನೋಡಿದಾಗ ಒಂದು ವೀಣೆಯಲ್ಲಿ ದುಂಡನೆಯ ಬುಡವಾದ ಕೊಡಕ್ಕೆ ಉದ್ದನೆಯ ಕೈಯಾದ ದಂಡಿ ಸೇರುವ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಆ ವೀಣೆಯ ಒಡತಿ ನನ್ನನ್ನು ಬೈಯಲಿಲ್ಲ, ಆದರೆ ಅವರು ಬಿರುಕಿನ ಮೇಲೆ ಬೆರಳಾಡಿಸುತ್ತ ಸುಮ್ಮನೆ ಕುಳಿತಿದ್ದು ಇಂದಿಗೂ ನನ್ನ ಕಣ್ಣ ಮುಂದಿದೆ.

ಅದಕ್ಕೆ ಕಾರಣ ರಸ್ತೆಯೂ ಅಲ್ಲ, ಚಾಲಕರೂ ಅಲ್ಲ. ಒಂದು ಟನ್ನಿಗೂ ಹೆಚ್ಚು ಭಾರ ಹೊರಲೆಂದು ಮಾಡಿದ ವಾಹನದ ಹಿಂಬದಿಯಲ್ಲಿ, ನಾವು ಬ್ಲೇಡು ಎಂದು ಕರೆಯುವ ಲೀಫ್ ಸ್ಪ್ರಿಂಗ್‌ಗಳು ಆ ಭಾರ ಬಿದ್ದಾಗ ಮಾತ್ರ ಬಾಗುತ್ತವೆ. ಎರಡು ವೀಣೆಗಳ ತೂಕ ಅವುಗಳಿಗೆ ಲೆಕ್ಕಕ್ಕೇ ಬರುವುದಿಲ್ಲವಾದ್ದರಿಂದ ರಸ್ತೆಯ ಪ್ರತಿಯೊಂದು ಹಂಪ್, ಪ್ರತಿಯೊಂದು ಗುಂಡಿ ನೇರವಾಗಿ ಮರಕ್ಕೆ ತಲುಪುತ್ತದೆ. ದೊಡ್ಡ ವಾದ್ಯಕ್ಕೆ ದೊಡ್ಡ ಗಾಡಿ ಎಂಬ ಲೆಕ್ಕ ಇಲ್ಲಿಯೇ ತಪ್ಪುತ್ತದೆ. ವಾದ್ಯ ದೊಡ್ಡದಾಗಿ ಕಂಡರೂ ಅದು ಹಗುರ, ಹಗುರವಾದುದಕ್ಕೆ ಮನುಷ್ಯರನ್ನು ಕೂರಿಸಿಕೊಳ್ಳಲು ಮಾಡಿದ ಮೆತ್ತನೆಯ ವಾಹನವೇ ಬೇಕು. ಬೊಲೆರೊ ಬಗ್ಗೆಯೂ ನನ್ನ ಹಿಂಜರಿಕೆ ಇದೇ: ಎಸ್ಟೇಟಿನ ರಸ್ತೆಗೆ ಅದು ನಿಜಕ್ಕೂ ಗಟ್ಟಿ, ಆದರೆ ಅದರ ಹಿಂದಿನ ಗಾಲಿಗಳ ಮೇಲೂ ಇರುವುದು ಬ್ಲೇಡುಗಳೇ, ಮತ್ತು ವೀಣೆ ಇಡಬೇಕಾದ ಜಾಗ ಸರಿಯಾಗಿ ಅವುಗಳ ನೆತ್ತಿಯ ಮೇಲೆ ಬರುತ್ತದೆ.

ಇಕೊಗೆ ಹಿಂದೆಯೂ ಸುರುಳಿಯಾಕಾರದ ಮೆತ್ತನೆಯ ಕಾಯಿಲ್ ಸ್ಪ್ರಿಂಗ್ ಇದೆ, ಎರಡೂ ಪಕ್ಕದಲ್ಲಿ ಜಾರುವ ಬಾಗಿಲುಗಳಿರುವುದರಿಂದ ಹಿಂದಿನಿಂದ ತೂರಿಸದೆ ಬದಿಯಿಂದಲೇ ವಾದ್ಯವನ್ನು ಒಳಗಿಡಬಹುದು, ಇದು ದೊಡ್ಡ ಅನುಕೂಲ. ಒಂದು ಎಚ್ಚರಿಕೆ ಮಾತ್ರ ಬೇಕು. ಅದರ ಎಂಜಿನ್ ಮುಂದಿನ ಸೀಟುಗಳ ಅಡಿಯಲ್ಲಿರುವುದರಿಂದ ದೂರದ ಪ್ರಯಾಣದಲ್ಲಿ ಆ ಭಾಗ ಬಿಸಿಯೇರುತ್ತದೆ, ಆದ್ದರಿಂದ ಸೀಟಿನ ಬೆನ್ನಿಗೂ ವಾದ್ಯಕ್ಕೂ ನಡುವೆ ದಪ್ಪನೆಯ ಕಂಬಳಿಯೊಂದು ಇರಲೇಬೇಕು. ಎರ್ಟಿಗಾ ಮಾದರಿಯ ಕಾರಿನಲ್ಲಿ ಮೂರನೆಯ ಸಾಲು ಮಡಚಿ, ಎರಡನೆಯ ಸಾಲಿನ ಒಂದು ಭಾಗವನ್ನೂ ಮಡಚಿದರೆ ಐದು ಅಡಿಗೂ ಮಿಗಿಲಾದ ಉದ್ದ ದೊರೆಯುತ್ತದೆ, ಉಳಿದ ಭಾಗದಲ್ಲಿ ವಿದ್ಯಾರ್ಥಿನಿಯೂ ಕೂರಬಹುದು. ಇನ್ನೋವಾ ಕ್ರಿಸ್ಟಾ ಇನ್ನಷ್ಟು ಮೆತ್ತಗಿದ್ದರೂ ಅದರ ಕೊನೆಯ ಸಾಲಿನ ಸೀಟುಗಳು ನೆಲಕ್ಕೆ ಮಡಚಿಕೊಳ್ಳದೆ ಎರಡು ಪಕ್ಕಕ್ಕೆ ಎತ್ತಿ ನಿಲ್ಲುವುದರಿಂದ ಅಗಲ ಕಡಿಮೆಯಾಗುತ್ತದೆ. ಒಂದು ವೀಣೆಗೆ ಚೆನ್ನ, ಎರಡಕ್ಕೆ ಇಕ್ಕಟ್ಟು.

ನೀವು ಐದೂ ವಾದ್ಯಗಳನ್ನು ಒಟ್ಟಿಗೆ ಒಯ್ಯುವುದು ವರ್ಷಕ್ಕೊಮ್ಮೆ ರುದ್ರಪಟ್ಟಣಕ್ಕೆ ಮಾತ್ರ ಎಂದು ಭಾವಿಸುತ್ತೇನೆ. ಹಾಗಿದ್ದಲ್ಲಿ ಆ ಒಂದು ದಿನಕ್ಕಾಗಿ ದೊಡ್ಡ ವಾಹನ ಕೊಳ್ಳಬೇಡಿ. ತಿಂಗಳ ಓಡಾಟಕ್ಕೆ, ಅಂದರೆ ಎರಡು ವೀಣೆ ಮತ್ತು ಒಂದು ತಂಬೂರಿಗೆ, ಸರಿಹೊಂದುವ ಕಾರನ್ನು ಕೊಂಡು, ಉತ್ಸವದ ದಿನ ಇನ್ನೊಂದು ಹಳದಿ ಫಲಕದ ಕಾರನ್ನು ಬಾಡಿಗೆಗೆ ಪಡೆಯಿರಿ.

ಕೊಳ್ಳುವ ಮೊದಲು ಡಿಕ್ಕಿ ಎಷ್ಟು ಲೀಟರು ಎಂದು ಕೇಳಬೇಡಿ. ಅದು ಸೂಟ್‌ಕೇಸಿನ ಅಳತೆ, ವೀಣೆಯದಲ್ಲ. ವೀಣೆಯ ಉದ್ದ ನಾಲ್ಕು ಅಡಿಗೂ ಹೆಚ್ಚು, ಫೈಬರ್ ಪೆಟ್ಟಿಗೆಯ ಸಮೇತ ಅದು ಐದು ಅಡಿಯ ಹತ್ತಿರ ಬರುತ್ತದೆ. ಪೆಟ್ಟಿಗೆಯ ಆಕಾರಕ್ಕೆ ಸರಿಯಾಗಿ ರಟ್ಟನ್ನು ಕತ್ತರಿಸಿ, ಆ ರಟ್ಟನ್ನು ಹಿಡಿದುಕೊಂಡೇ ಷೋರೂಮಿಗೆ ಹೋಗಿ, ಹಿಂಬಾಗಿಲು ಪೂರ್ತಿ ಮುಚ್ಚುತ್ತದೆಯೇ ಎಂಬುದನ್ನು ನೀವೇ ನೋಡಿ.

ಇಡುವ ಕ್ರಮವೂ ವಾಹನದಷ್ಟೇ ಮುಖ್ಯ. ಕೊಡ ಮುಂದಕ್ಕೆ, ಯಾಳಿ, ಅಂದರೆ ದಂಡಿಯ ತುದಿಯಲ್ಲಿ ಕೆತ್ತಿದ ಮೃಗದ ತಲೆ, ಹಿಂದಕ್ಕೆ ಇರಲಿ. ಬ್ರೇಕು ಹಾಕಿದಾಗ ಎಲ್ಲವೂ ಮುಂದಕ್ಕೆ ನುಗ್ಗುತ್ತದೆ, ಆಗ ಭಾರವಾದ ಕೊಡ ಹಿಂದಿದ್ದರೆ ಅದರ ಒತ್ತಡವನ್ನೆಲ್ಲ ದಂಡಿಯೇ ತಾಳಬೇಕಾಗುತ್ತದೆ. ಅಲ್ಲದೆ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಜಾಗದಲ್ಲಿ ಕುಲುಕಾಟ ಕಡಿಮೆ, ಹಿಂದಿನ ಗಾಲಿಯ ಮೇಲೆ ಮತ್ತು ಅದರಾಚೆಗೆ ಹೆಚ್ಚು. ವೀಣೆಯ ದಂಡಿಯ ಅಡಿಯಲ್ಲಿರುವ ಸೋರೆಬುರುಡೆಯನ್ನು ತಿರುಗಿಸಿ ಬಿಚ್ಚಿ ಬೇರೆ ಚೀಲದಲ್ಲಿಡಿ. ತಂಬೂರಿಯ ಬುರುಡೆ ನಿಜವಾದ ಸೋರೆಯದಾದ್ದರಿಂದ ಅದು ಮೊಟ್ಟೆಯಂತೆ ನಾಜೂಕು. ನಮ್ಮ ಅಜ್ಜಿಯರು ನೀರಿನ ಕೊಡಕ್ಕೆ ಸುತ್ತುತ್ತಿದ್ದಂತಹ ಬಟ್ಟೆಯ ಸಿಂಬೆಯನ್ನು ದಪ್ಪವಾಗಿ ಸುತ್ತಿ ಅದರಲ್ಲಿ ಬುರುಡೆಯನ್ನು ಕೂರಿಸಿದರೆ ಯಾವ ಸ್ಪಂಜೂ ಅದಕ್ಕೆ ಸಾಟಿಯಲ್ಲ. ತಂತಿಗಳನ್ನು ತುಸು ಸಡಿಲಿಸಿದರೆ ಸಾಕು, ಪೂರ್ತಿ ಬಿಚ್ಚುವ ಅಗತ್ಯವಿಲ್ಲ.

ಅದೇ ಶಿಕ್ಷಕಿಯಿಂದ:

ಹಾಸನದಲ್ಲಿ ಪಾಠ ಮುಗಿಯುವವರೆಗೆ ಎರಡನೆಯ ವೀಣೆಯನ್ನು ಕಾರಿನಲ್ಲೇ ಬಿಟ್ಟಿರುತ್ತೇನೆ. ಕಳೆದ ಬೇಸಿಗೆಯಲ್ಲಿ ಮೇಲಿನ ಸ್ಥಾಯಿಯ ಎರಡು ಮೆಟ್ಟಿಲುಗಳು (ತಂತಿ ಒತ್ತಿ ನುಡಿಸುವ ಲೋಹದ ಅಡ್ಡಪಟ್ಟಿಗಳು) ಸರಿದು ಶ್ರುತಿ ಕೆಟ್ಟಿತ್ತು. ಇದು ಕುಲುಕಾಟದಿಂದಲೇ ಆದದ್ದೇ?

ಉತ್ತರ:

ಬಹುಮಟ್ಟಿಗೆ ಬಿಸಿಲಿನಿಂದ. ವೀಣೆಯ 24 ಮೆಟ್ಟಿಲುಗಳು ಮರಕ್ಕೆ ಮೊಳೆ ಹೊಡೆದು ಕೂರಿಸಿದವಲ್ಲ, ಜೇನುಮೇಣಕ್ಕೆ ಕಪ್ಪು ಪುಡಿ ಬೆರೆಸಿ ಕಟ್ಟಿದ ಮೇಳದ ಮೇಲೆ ನಿಂತಿರುವಂಥವು. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಬುದು ನಿಜ, ಆದರೆ ಅದಕ್ಕಿಂತ ಬಹಳ ಮೊದಲೇ ಅದು ಮೆದುವಾಗುತ್ತದೆ. ಗಾಜು ಮುಚ್ಚಿದ ಕಾರನ್ನು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಒಂದೆರಡು ಗಂಟೆ ನಿಲ್ಲಿಸಿದರೆ ಒಳಗಿನ ಶಾಖ 50 ಡಿಗ್ರಿ ದಾಟಬಲ್ಲದು. ಮೆದುವಾದ ಮೇಣಕ್ಕೆ ಮರಳುವ ದಾರಿಯ ಕುಲುಕಾಟವೂ ಸೇರಿದಾಗ ಮೆಟ್ಟಿಲು ಸರಿಯದೆ ಏನು ಮಾಡೀತು? ವೀಣೆಯನ್ನು ನಿಮ್ಮ ಜೊತೆಯಲ್ಲಿಯೇ ಒಳಗೆ ತೆಗೆದುಕೊಂಡು ಹೋಗಿ. ಕೊಳ್ಳುವ ಕಾರು ಬಿಳಿಯ ಬಣ್ಣದ್ದಾಗಿದ್ದರೆ ಒಳ್ಳೆಯದು. ಇದು ಅಂದಕ್ಕಾಗಿ ಹೇಳಿದ ಮಾತಲ್ಲ, ಕಪ್ಪು ಕಾರು ಹೆಚ್ಚು ಕಾಯುತ್ತದೆ.

ಪ್ರಶ್ನೆ (ಕಡೂರು ತಾಲ್ಲೂಕಿನ ಡೊಳ್ಳು ಕುಣಿತದ ತಂಡದವರು):

ನಾವು ಹನ್ನೆರಡು ಜನ, ಹತ್ತು ಡೊಳ್ಳುಗಳು. ಜಾತ್ರೆಗಳಿಗೆ ಹೋಗುವಾಗ ಒಂದೇ ಪಿಕಪ್‌ನಲ್ಲಿ ಡೊಳ್ಳುಗಳನ್ನು ಹಾಕಿ ನಾವೂ ಹಿಂದೆಯೇ ಕೂರುತ್ತೇವೆ. ಬಾಡಿಗೆ ಉಳಿಯುತ್ತದೆ. ಇದಕ್ಕಿಂತ ಉತ್ತಮ ವ್ಯವಸ್ಥೆ ಕಡಿಮೆ ಖರ್ಚಿನಲ್ಲಿ ಸಾಧ್ಯವೇ?

ಉತ್ತರ:

ದಯವಿಟ್ಟು ಹಿಂದೆ ಕೂರುವುದನ್ನು ಇಂದೇ ನಿಲ್ಲಿಸಿ. ಸರಕು ಸಾಗಣೆಯ ವಾಹನದ ಹಿಂಬದಿಯಲ್ಲಿ ಜನರನ್ನು ಕೂರಿಸುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯ ಪರಿಹಾರಕ್ಕೂ ತೊಡಕಾಗುತ್ತದೆ. ಅದಕ್ಕಿಂತ ಮಿಗಿಲಾಗಿ, ಬಿಡಿಬಿಡಿಯಾಗಿ ಉರುಳಬಲ್ಲ ಹತ್ತು ಡೊಳ್ಳುಗಳ ನಡುವೆ ಜನ ಕುಳಿತಿರುವಾಗ ಒಂದು ಗಟ್ಟಿಯಾದ ಬ್ರೇಕು ಬಿದ್ದರೆ ಏನಾಗಬಹುದು ಎಂಬುದನ್ನು ನೆನೆದರೆ ನನಗೆ ಭಯವಾಗುತ್ತದೆ. ಜನರಿಗೆ ಟೆಂಪೊ ಟ್ರಾವೆಲರ್, ಡೊಳ್ಳುಗಳಿಗೆ ಟಾಟಾ ಏಸ್ ಎಂದು ಬೇರ್ಪಡಿಸಿ.

ವೀಣೆಗೆ ನಾನು ಬೇಡವೆಂದ ಸರಕು ಗಾಡಿಯನ್ನು ಡೊಳ್ಳಿಗೆ ಹೇಗೆ ಹೇಳುತ್ತಿದ್ದೇನೆ ಎಂದು ಕೇಳಬಹುದು. ಡೊಳ್ಳಿಗೆ ಕುಲುಕಾಟದ ಭಯ ಅಷ್ಟಾಗಿ ಇಲ್ಲ, ಅದಕ್ಕೆ ನೀರಿನ ಭಯ. ತೇವ ತಾಗಿದ ಚರ್ಮ ಸಡಿಲಗೊಂಡು ನಾದ ಮಂಕಾಗುತ್ತದೆ. ಹಾಗಾಗಿ ಕಮಾನಿನ ಮೇಲೆ ಟಾರ್ಪಾಲು ಹೊದಿಸಿರುವ ಗಾಡಿಯನ್ನೇ ಕೇಳಿ ಪಡೆಯಿರಿ, ಟ್ರಾವೆಲರ್‌ನ ಚಾವಣಿಯ ಕ್ಯಾರಿಯರ್ ಮೇಲೆ ಕಟ್ಟಬೇಡಿ. ಡೊಳ್ಳುಗಳನ್ನು ಮುಖ ಕೆಳಗಾಗಿ ಒಂದರ ಮೇಲೊಂದು ಪೇರಿಸದೆ, ಮರದ ಹೊಟ್ಟೆಯ ಮೇಲೆ ಮಲಗಿಸಿ, ಎರಡು ಚರ್ಮಗಳು ಎದುರಾಗುವಲ್ಲಿ ಹಳೆಯ ಗೋಣಿಚೀಲವೊಂದನ್ನು ಇಡಿ.

ಪ್ರಶ್ನೆ (ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು):

ನಮ್ಮ ತೋಟದ ಮನೆಯಲ್ಲಿ ತಾತನ ಕಾಲದ ನಿಲುವು ಪಿಯಾನೊ ಇದೆ. ಅದನ್ನು ಹಾಸನದಲ್ಲಿರುವ ಮಗಳ ಮನೆಗೆ ಕಳುಹಿಸಬೇಕು. ತೋಟದ ಕೆಲಸಕ್ಕೆಂದು ಟಾಟಾ ಏಸ್ ನಮ್ಮಲ್ಲೇ ಇದೆ. ಅದು ಸಾಕಾಗುತ್ತದೆಯೇ?

ಉತ್ತರ:

ತೂಕಕ್ಕೆ ಸಾಕು, ಅಗಲಕ್ಕೆ ಸಾಲದಿರಬಹುದು. ನಿಲುವು ಪಿಯಾನೊ ಸಾಮಾನ್ಯವಾಗಿ 200ರಿಂದ 300 ಕಿಲೊ ತೂಗುತ್ತದೆ, ಏಸ್ ಹೊರುವ ಭಾರದ ಮಿತಿಯೊಳಗೇ ಅದು ಬರುತ್ತದೆ. ಆದರೆ ಪಿಯಾನೊದ ಅಗಲ ಐದು ಅಡಿಯ ಆಸುಪಾಸಿನಲ್ಲಿರುತ್ತದೆ, ಏಸ್‌ನ ತೊಟ್ಟಿಯ ಒಳ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಒಂದೆರಡು ಅಂಗುಲದಲ್ಲಿ ಕೆಲಸ ಕೆಡುತ್ತದೆ. ಪಿಯಾನೊದ ಬೆನ್ನಿನ ಕಡೆ ಎರಕದ ಕಬ್ಬಿಣದ ಚೌಕಟ್ಟಿದ್ದು ಭಾರವೆಲ್ಲ ಅಲ್ಲಿಯೇ ಇರುವುದರಿಂದ, ಅದನ್ನು ಅಡ್ಡಲಾಗಿ ನಿಲ್ಲಿಸಿ ಬೆನ್ನನ್ನು ಚಾಲಕರ ಕ್ಯಾಬಿನ್ನಿನ ಗೋಡೆಗೆ ಆನಿಸಬೇಕು. ಬ್ರೇಕು ಬಿದ್ದಾಗ ಅದು ಗೋಡೆಯನ್ನೇ ಒರಗುತ್ತದೆ. ಇದಕ್ಕೆ ಬೊಲೆರೊ ಪಿಕಪ್ ಅಥವಾ ಅಶೋಕ್ ಲೇಲ್ಯಾಂಡ್ ದೋಸ್ತ್‌ನಷ್ಟು ಅಗಲದ ತೊಟ್ಟಿ ಬೇಕು. ಅವು ಪಿಯಾನೊ ಒಂದರ ಭಾರಕ್ಕೆ ಬಾಗುವುದಿಲ್ಲವಾದ್ದರಿಂದ, ನಿಮ್ಮಲ್ಲೇ ಇರುವ 50 ಕಿಲೊದ ಕಾಫಿ ಚೀಲಗಳನ್ನು ಎಂಟು ಹತ್ತು ಹಾಕಿಸಿ. ಬ್ಲೇಡುಗಳು ಮೆತ್ತಗಾಗುತ್ತವೆ, ಪಿಯಾನೊದ ಮುಂಭಾಗಕ್ಕೆ ಆನಿಕೆಯೂ ಆಗುತ್ತದೆ. ಚೀಲಕ್ಕೂ ಪಿಯಾನೊಗೂ ನಡುವೆ ಹಾಸಿಗೆ ಇರಲಿ, ಕೀಲಿಮಣೆಯ ಚಾಚಿನ ಮೇಲೆ ಮಾತ್ರ ಯಾವ ಭಾರವೂ ಬೀಳದಿರಲಿ.

ಅಡಿಯಲ್ಲಿರುವ ಪುಟ್ಟ ಗಾಲಿಗಳನ್ನು ನಂಬಬೇಡಿ. ಅವು ಕೋಣೆಯೊಳಗೆ ತುಸು ಸರಿಸುವುದಕ್ಕಾಗಿ ಇರುವಂಥವು, ಅಂಗಳದ ಕಲ್ಲಿನ ಮೇಲೆ ತಳ್ಳಿದರೆ ಮುರಿಯುತ್ತವೆ. ಮುಚ್ಚಳಕ್ಕೆ ಬೀಗ ಹಾಕಿ, ಕಂಬಳಿ ಸುತ್ತಿ, ಕನಿಷ್ಠ ಐದು ಜನ ಸೇರಿ ಹಲಗೆಯ ಮೇಲೆ ಏರಿಸಿ, ಯಾವ ಕಾರಣಕ್ಕೂ ಮಲಗಿಸಬೇಡಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ ಎಂಬುದು ನನ್ನ ಒತ್ತಾಯದ ವಿನಂತಿ. ಹಾಸನಕ್ಕೆ ತಲುಪಿದ ಮೇಲೆ ಎರಡು ಮೂರು ವಾರ ಹಾಗೆಯೇ ಬಿಟ್ಟು ಅನಂತರ ಶ್ರುತಿ ಮಾಡಿಸಿ. ನಿಮ್ಮ ಮಲೆನಾಡಿನ ತೇವಕ್ಕೆ ಒಗ್ಗಿಹೋದ ಮರ ಹೊಸ ಊರಿನ ಗಾಳಿಗೆ ಹೊಂದಿಕೊಳ್ಳಲು ಅಷ್ಟು ಕಾಲ ಬೇಕು.

ಒಬ್ಬ ಹಿರಿಯ ವೈಣಿಕರ ಮಾತು:

ನಾನು ಮೂವತ್ತು ವರ್ಷ ವೀಣೆಯನ್ನು ಸರ್ಕಾರಿ ಬಸ್ಸಿನಲ್ಲೇ ಒಯ್ದಿದ್ದೇನೆ, ಏನೂ ಆಗಲಿಲ್ಲ. ಇಷ್ಟೊಂದು ಯೋಚನೆ ಬೇಕೇ?

ಉತ್ತರ:

ತಾವು ಅದನ್ನು ಬಸ್ಸಿನ ಚಾವಣಿಯ ಮೇಲೆ ಕಟ್ಟಿರಲಾರಿರಿ, ಮಡಿಲಲ್ಲಿಯೋ ಪಕ್ಕದಲ್ಲಿಯೋ ಹಿಡಿದುಕೊಂಡೇ ಕುಳಿತಿರುತ್ತೀರಿ. ಮನುಷ್ಯನ ತೊಡೆ ಮತ್ತು ತೋಳುಗಳಿಗಿಂತ ಉತ್ತಮವಾದ ಸ್ಪ್ರಿಂಗ್ ಯಾವ ಕಾರಿನಲ್ಲೂ ಇಲ್ಲ. ಒಂದೇ ವೀಣೆ, ಹಿಡಿದು ಕೂರಲು ಒಬ್ಬರು ಇದ್ದರೆ ನಾನೂ ಬಸ್ಸನ್ನೇ ಹೇಳುತ್ತೇನೆ, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಸೀಟು ಸಿಗುವುದಾದರೆ.

ಸಕಲೇಶಪುರದ ಶಿಕ್ಷಕಿಯಿಂದ, ಹತ್ತು ದಿನಗಳ ನಂತರ:

ತಾವು ಹೇಳಿದಂತೆ ರಟ್ಟು ಕತ್ತರಿಸಿ ಹಾಸನದಲ್ಲಿ ಎರಡು ಕಾರುಗಳನ್ನು ನೋಡಿ ಬಂದೆ. ಮನಸ್ಸಿಗೆ ಒಪ್ಪಿದ ಕಾರಿನಲ್ಲಿ ಉದ್ದ ಸರಿಯಾಗಿದೆ, ಆದರೆ ಹಿಂಬಾಗಿಲು ಮೇಲಕ್ಕೆ ಹೋದಂತೆ ಒಳಕ್ಕೆ ಬಾಗಿರುವುದರಿಂದ ಯಾಳಿಯ ಭಾಗ ಗಾಜಿಗೆ ತಾಗುತ್ತದೆ. ಸ್ವಲ್ಪ ಒತ್ತಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ ಎಂದು ಅಲ್ಲಿನವರು ಹೇಳಿದರು.

ಉತ್ತರ:

ಒತ್ತಿ ಮುಚ್ಚಬೇಡಿ. ಎಡಗಡೆಯ ಮುಂದಿನ ಸೀಟನ್ನು ನಾಲ್ಕು ಬೆರಳು ಮುಂದಕ್ಕೆ ಸರಿಸಿ, ಕೊಡದ ಕಡೆಯನ್ನು ಅದರ ಬೆನ್ನಿಗೆ ಆನಿಸಿ ಇನ್ನೊಮ್ಮೆ ನೋಡಿ. ಗಾಜಿಗೂ ಯಾಳಿಗೂ ನಡುವೆ ನಿಮ್ಮ ಅಂಗೈ ಸಲೀಸಾಗಿ ಆಡುವಷ್ಟು ಎಡೆ ಇರಬೇಕು. ಅಷ್ಟು ಸಿಗದಿದ್ದರೆ ಆ ಕಾರು ಬೇಡ, ರಟ್ಟನ್ನು ಇಕೊದಲ್ಲಿ ಇಟ್ಟು ನೋಡಿ. ಅದರ ಹಿಂಬದಿ ಹೆಚ್ಚುಕಡಿಮೆ ನೆಟ್ಟಗಿದೆ.