ಹಳದಿ ಜರ್ಸಿ ಶೀಟ್: ಮರ್ಕ್ಸ್ ಲೆಕ್ಕ ಕೂಡ್ತಾ ಇಲ್ಲ, ಯಾರಾದ್ರೂ ನೋಡಿ

ಗುಮ್ಮಟ_ಗೇರ್, ವಿಜಯಪುರ
ಮೂರು ರಾತ್ರಿಯಿಂದ ಒದ್ದಾಡುತ್ತಿದ್ದೇನೆ. ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್‌ನಲ್ಲಿ ಯಾರು ಎಷ್ಟು ದಿನ ಹಳದಿ ಜರ್ಸಿಯಲ್ಲಿದ್ದರು (ಒಟ್ಟು ಸಮಯದಲ್ಲಿ ಮುಂದಿರುವ ಲೀಡರ್‌ಗೆ ಕೊಡುವ ಅಂಗಿ ಅದು) ಅಂತ ಸ್ಪ್ರೆಡ್‌ಶೀಟ್ ಮಾಡಿದ್ದೇನೆ. ಎಡ್ಡಿ ಮರ್ಕ್ಸ್‌ಗೆ 111 ಬರುತ್ತಿದೆ, 96 ಬರಬೇಕು. ಫಾರ್ಮುಲಾ ಸರಿಯಾಗಿಯೇ ಇದೆ. ಶನಿವಾರ ನಮ್ಮ ಓಣಿಯ ಸೈಕಲ್ ಹುಡುಗರಿಗೆ ಕ್ವಿಜ್ ಇದೆ, ಅಷ್ಟರೊಳಗೆ ಗೋಡೆಗೆ ಚಾರ್ಟ್ ಹಚ್ಚಬೇಕು.

ಘಟಪ್ರಭಾ_ಪೆಡಲ್
ಹೆಸರಿನ ಕೊನೆಗೆ ಸ್ಪೇಸ್ ಇರುತ್ತೆ ರೀ. ಆ ಖಾಲಿ ಜಾಗ ತೆಗೆಯುವ ಟ್ರಿಮ್ ಫಾರ್ಮುಲಾ ಹಾಕಿ, ಸರಿ ಹೋಗುತ್ತೆ.

ಗುಮ್ಮಟ_ಗೇರ್
ಹಾಕಿದೆ ಸರ್. ಅದೇ 111.

ಘಟಪ್ರಭಾ_ಪೆಡಲ್
ಹಾಗಾದ್ರೆ ಒಂದು ಕಡೆ ಮರ್ಕ್ಸ್, ಇನ್ನೊಂದು ಕಡೆ ಮೆರ್ಕ್ಸ್ ಅಂತ ಟೈಪ್ ಮಾಡಿರುತ್ತೀರಿ. ನನ್ನ ಸ್ಟಾಕ್ ಶೀಟ್‌ನಲ್ಲಿ ಹೀಗೇ ಆಗಿತ್ತು. ಹೆಸರುಗಳನ್ನು ಒಂದೊಂದಾಗಿ ನೋಡಿ.

ಚೋರ್ಲಾ_ಚೈನ್, ಬೆಳಗಾವಿ
ಸರ್, ಸ್ಪೆಲಿಂಗ್ ತಪ್ಪಿದ್ರೆ ಲೆಕ್ಕ ಕಡಿಮೆ ಆಗಬೇಕು. ಇವರಿಗೆ ಜಾಸ್ತಿ ಬಂದಿದೆ, ಅಲ್ವಾ?

ಘಟಪ್ರಭಾ_ಪೆಡಲ್
ಅಡ್ಡಹೆಸರು ಮಾತ್ರ ಹುಡುಕಿದ್ರೆ ಜಾಸ್ತಿಯೂ ಬರುತ್ತೆ. ಪೆಲಿಸಿಯೆ ಅಂತ ಹಾಕಿದ್ರೆ ಆನ್ರಿ, ಫ್ರಾನ್ಸಿಸ್, ಚಾರ್ಲ್ಸ್ ಮೂವರೂ ಕೂಡುತ್ತಾರೆ. ಶ್ಲೆಕ್ ಅಂದ್ರೆ ಫ್ರಾಂಕ್ ಮತ್ತು ಆ್ಯಂಡಿ. ಮೊದಲು ಹೆಸರು ಸರಿ ಮಾಡಿ, ಮುಂದಿನದು ಆಮೇಲೆ.

ಚೋರ್ಲಾ_ಚೈನ್
ಎಡ್ಡಿ ಬಿಟ್ಟರೆ ಇನ್ನೊಬ್ಬ ಮರ್ಕ್ಸ್ ಹಳದಿ ಜರ್ಸಿ ಹಾಕಿಲ್ಲ ಸರ್.

ಜಮಖಂಡಿ_ಜೋಡಿಗಾಲಿ
ಆ ಶೀಟ್‌ನಲ್ಲಿ ಆರ್ಮ್‌ಸ್ಟ್ರಾಂಗ್ ಇದ್ದಾನಾ? ಇದ್ದರೆ ಮೊದಲು ತೆಗೆಯಿರಿ. ಉದ್ದೀಪನ ಮದ್ದು ತೆಗೆದುಕೊಂಡಿದ್ದಕ್ಕೆ 2012ರಲ್ಲೇ ಅವನ ಏಳೂ ಗೆಲುವು ರದ್ದಾಗಿವೆ. ಹುಡುಗರ ಗೋಡೆ ಮೇಲೆ ಆ ಹೆಸರು ಬೇಡ.

ಘಟಪ್ರಭಾ_ಪೆಡಲ್
ಸಾಲು ತೆಗೆದ್ರೆ 1999ರಿಂದ 2005ರವರೆಗೆ ಎಷ್ಟೋ ಸ್ಟೇಜ್ (ರೇಸ್‌ನ ಒಂದೊಂದು ಹಂತ) ಖಾಲಿ ಉಳಿಯುತ್ತೆ. ಆ ಗೆಲುವುಗಳನ್ನು ಬೇರೆ ಯಾರಿಗೂ ಕೊಟ್ಟಿಲ್ಲ. ಸಾಲು ಇರಲಿ, ಪಕ್ಕದಲ್ಲಿ ರದ್ದು ಅಂತ ಬರೆಯಲಿ.

ಜಮಖಂಡಿ_ಜೋಡಿಗಾಲಿ
ಖಾಲಿ ಇದ್ದರೆ ಇರಲಿ. ಹುಡುಗರು ಕೇಳಿದ್ರೆ ಯಾಕೆ ಖಾಲಿ ಅಂತ ಹೇಳಿ. ಅದೂ ಅವರಿಗೆ ಗೊತ್ತಾಗಬೇಕು.

ಆಲಮಟ್ಟಿ_ರೈಡರ್
ನನಗೆ ಶೀಟ್ ಗೊತ್ತಿಲ್ಲ, ಆದ್ರೆ ಮರ್ಕ್ಸ್ ಹೆಸರು ಕೇಳಿ ಸುಮ್ನೆ ಇರೋಕೆ ಆಗಲಿಲ್ಲ. ನನ್ನ ಹತ್ರ ಅಪ್ಪನ ಕಾಲದ ಸ್ಟೀಲ್ ಫ್ರೇಮ್ ಇದೆ. ಗೇರ್ ಲಿವರ್ ಇನ್ನೂ ಕೆಳಗಿನ ಪೈಪ್ ಮೇಲೇ. ಹಿಂದೆ 28 ಹಲ್ಲಿನ ಚಕ್ರ ಹಾಕಿಸಿದ್ದೇನೆ. ಭಾನುವಾರ ಆಲಮಟ್ಟಿಯಿಂದ ಬಾಗಲಕೋಟೆ ಹೋಗಿ ಬಂದೆ. ಎದುರುಗಾಳಿ ಇತ್ತು, ಆದ್ರೂ ಒಂದೇ ಉಸಿರಿಗೆ!

ಚೋರ್ಲಾ_ಚೈನ್
ಚೆಂದ ಇದೆ ಅಣ್ಣಾ, ಫೋಟೋ ಬೇರೆ ಕಡೆ ಹಾಕಿ, ಬಂದು ನೋಡುತ್ತೇನೆ. ಗುಮ್ಮಟ ಸರ್, ಇಂಡುರೈನ್‌ಗೆ 60, ಫ್ರೂಮ್‌ಗೆ 59 ಬರುತ್ತಾ? ಇನೋಗೆ ಎಷ್ಟು? ಒಂದು ಸಾಲು ಅಂದ್ರೆ ಒಂದು ದಿನವಾ, ಒಂದು ಸ್ಟೇಜಾ?

ಗುಮ್ಮಟ_ಗೇರ್
ಇಂಡುರೈನ್, ಫ್ರೂಮ್ ಸರಿಯಾಗಿದ್ದಾರೆ. ಇನೋಗೆ 79 ಬರುತ್ತಿದೆ. ಒಂದು ಸಾಲು ಅಂದ್ರೆ ಒಂದು ಸ್ಟೇಜ್. ಅದನ್ನು ಹೇಳಬೇಕಿತ್ತಾ?

ಚೋರ್ಲಾ_ಚೈನ್
ಅದೇ ಸರ್ ರೋಗ! ಇನೋ ದಿನ 75. ಆಗೆಲ್ಲ ಒಂದೇ ದಿನ ಎರಡು ಸ್ಟೇಜ್ ಓಡಿಸುತ್ತಿದ್ದರು. 1969ರ ಕೊನೆ ದಿನ ನೋಡಿ: 22ಎ, 22ಬಿ. ಬೆಳಗ್ಗೆ ರೋಡ್ ರೇಸ್, ಆಮೇಲೆ ಪ್ಯಾರಿಸ್‌ಗೆ ಟೈಮ್ ಟ್ರಯಲ್, ಅಂದ್ರೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡೋದು. ದಿನ ಒಂದೇ, ನಿಮ್ಮ ಶೀಟ್‌ನಲ್ಲಿ ಸಾಲು ಎರಡು. 111 ಅಂದ್ರೆ ಅರ್ಧ ಸ್ಟೇಜ್‌ಗಳನ್ನೂ ಸೇರಿಸಿದ ಲೆಕ್ಕ, 96 ಅಂದ್ರೆ ದಿನ. ಎರಡೂ ಸರಿ. ತಾರೀಖಿನ ಕಾಲಂ ಸೇರಿಸಿ, ಫಿಲ್ಟರ್ ಮೇಲೆ ಕೌಂಟ್‌ಯುನೀಕ್ ಹಾಕಿ, ಒಂದೇ ತಾರೀಖು ಎರಡು ಸಲ ಬಂದ್ರೂ ಒಂದೇ ಅಂತ ಎಣಿಸುತ್ತೆ.

ಘಟಪ್ರಭಾ_ಪೆಡಲ್
ಸ್ಪೇಸ್ ಕೂಡ ಒಮ್ಮೆ ನೋಡಿಬಿಡಿ.

ಗುಮ್ಮಟ_ಗೇರ್
96 ಬಂತು! ಇನೋ 75! ಚೋರ್ಲಾ ಸರ್, ಕೈ ಮುಗಿಯುತ್ತೇನೆ. ಹುಡುಗರಿಗೆ ಎರಡೂ ಅಂಕಿ ಬರೆದು ತೋರಿಸುತ್ತೇನೆ. ಆದ್ರೆ ಇನ್ನೊಂದು ತೊಂದರೆ. ಎಲ್ಲರ ದಿನ ಕೂಡಿಸಿದ್ರೆ 1929ರಲ್ಲಿ ಓಡಿದ ದಿನಕ್ಕಿಂತ ಎರಡು ಜಾಸ್ತಿ ಬರುತ್ತಿದೆ.

ಚೋರ್ಲಾ_ಚೈನ್
ಅದು ತಪ್ಪಲ್ಲ. ಬೋರ್ಡೊ ಸ್ಟೇಜ್ ಮುಗಿದಾಗ ಫ್ರಾಂಟ್ಸ್, ಲೆದುಕ್, ಫೋಂತಾನ್ ಮೂವರ ಒಟ್ಟು ಸಮಯವೂ ಒಂದೇ. ಮೂವರಿಗೂ ಹಳದಿ ಜರ್ಸಿ ಕೊಟ್ಟರು. ಹಾಗೇ ಬಿಡಿ.

ಜಮಖಂಡಿ_ಜೋಡಿಗಾಲಿ
ಹಾಕಿದ ದಿನ ಅಂತ ಚಾರ್ಟ್‌ನಲ್ಲಿ ಬರೆಯಬೇಡಿ ಮತ್ತೆ. 1971ರಲ್ಲಿ ಒಕಾನ್ಯಾ ಬಿದ್ದು ರೇಸ್ ಬಿಟ್ಟ ಮರುದಿನ ಮರ್ಕ್ಸ್ ಲೀಡರ್, ಆದ್ರೆ ಜರ್ಸಿ ಹಾಕಲಿಲ್ಲ. 1980ರಲ್ಲಿ ಇನೋ ಮೊಣಕಾಲು ನೋವಿಂದ ಹೋದಾಗ ಜೂಟೆಮೆಲ್ಕ್ ಕೂಡ ಹಾಗೇ ಮಾಡಿದ. ರೇಸ್ ಬಿಡಬೇಕಾದವನ ಮೇಲಿನ ಗೌರವ ಅದು. ಇದನ್ನೂ ಹೇಳಿ ಹುಡುಗರಿಗೆ.

ಗುಮ್ಮಟ_ಗೇರ್
ಹೇಳುತ್ತೇನೆ ಸರ್. ಹಾಗಾದ್ರೆ ತಲೆಬರಹ ಏನು ಕೊಡಲಿ? ಲೀಡರ್ ಆಗಿದ್ದ ದಿನ ಅಂತಲಾ? ಬೆಳಗ್ಗೆಯ ಸ್ಟೇಜ್‌ಗೆ ಒಬ್ಬ, ಸಂಜೆಯದಕ್ಕೆ ಇನ್ನೊಬ್ಬ ಲೀಡರ್ ಆದ್ರೆ ಆ ದಿನ ಯಾರ ಲೆಕ್ಕಕ್ಕೆ?

ಆಲಮಟ್ಟಿ_ರೈಡರ್
ಫೋಟೋ ಹಾಕಿದ್ದೇನೆ, ನೋಡಿ ಎಲ್ಲರೂ. ಬ್ರೇಕ್ ವೈರ್ ಹೊಸದು.