ಶನಿವಾರ ರಾತ್ರಿಯ ಎದೆನೋವಿಗೆ ಸೋಮವಾರದವರೆಗೆ ಕಾಯಬಹುದೇ?

ಪ್ರಶ್ನೆ (ಕುಂದಾಪುರದಿಂದ):

ಕಳೆದ ತಿಂಗಳು ಒಂದು ಶನಿವಾರ ರಾತ್ರಿ, ಊಟ ಮುಗಿಸಿ ಮಲಗಿದ್ದ ನಮ್ಮ ಅಪ್ಪಯ್ಯನಿಗೆ ಹನ್ನೊಂದು ಗಂಟೆಯ ಹೊತ್ತಿಗೆ ಎದೆಯ ಮೇಲೆ ಕಲ್ಲು ಹೇರಿದಂತಾಗಿ ಎಡಗೈ ಸೋಲತೊಡಗಿತು. ವಾಯು ಇರಬೇಕೆಂದು ಅಮ್ಮ ಜೀರಿಗೆ ಕಷಾಯ ಕೊಟ್ಟರು. ಭಾನುವಾರ ದೊಡ್ಡ ಡಾಕ್ಟರು ಯಾರೂ ಇರುವುದಿಲ್ಲ, ಸೋಮವಾರ ಬೆಳಿಗ್ಗೆ ಹೋದರಾಯಿತು ಎಂದು ದೊಡ್ಡಪ್ಪ ಹೇಳಿದರು. ಬೆವರು ನಿಲ್ಲದಿದ್ದಾಗ ಬೆಳಗಿನ ಜಾವ ಮೂರರ ನಂತರ ಉಡುಪಿಯ ಕಡೆ ಹೊರಟೆವು. ಸ್ಟೆಂಟ್ ಹಾಕಿದ್ದಾರೆ, ಅಪ್ಪಯ್ಯ ಮನೆಗೆ ಬಂದಿದ್ದಾರೆ. ಆದರೆ ಹೃದಯದ ಪಂಪಿಂಗ್ (ಒಂದು ಬಡಿತಕ್ಕೆ ಹೊರದೂಡುವ ರಕ್ತದ ಪಾಲು) ಶೇ. 40ಕ್ಕೆ ಇಳಿದಿದೆಯಂತೆ. ವಾರದ ಕೊನೆಯಲ್ಲಿ ದಾಖಲಾದವರಲ್ಲಿ ಸಾವು ಹೆಚ್ಚೆಂದು ಅಧ್ಯಯನಗಳೇ ಹೇಳಿವೆಯೆಂದು ದೊಡ್ಡಪ್ಪನ ಮಗ ಈಗಲೂ ವಾದಿಸುತ್ತಾನೆ. ಇದು ನಿಜವೇ? ನಿಜವಾದರೆ ಕಾಯುವುದರಲ್ಲಿ ಅರ್ಥವಿದೆಯೇ?

ಉತ್ತರ 1 (ಕ್ಯಾತ್‌ಲ್ಯಾಬ್ ಶುಶ್ರೂಷಕಿ, ಮಂಗಳೂರು):

ವ್ಯತ್ಯಾಸ ಇರುವುದು ನಿಜ, ಆದರೆ ಅದು ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಬೇಕು. ಹಗಲಿನಲ್ಲಿ ಕ್ಯಾತ್‌ಲ್ಯಾಬಿನ (ಹೃದಯದ ರಕ್ತನಾಳಕ್ಕೆ ನಳಿಕೆ ತೂರಿಸಿ ಚಿಕಿತ್ಸೆ ಮಾಡುವ ಕೋಣೆಯ) ವೈದ್ಯರು, ತಂತ್ರಜ್ಞರು, ನಾವು ಎಲ್ಲರೂ ಒಂದೇ ಮಹಡಿಯಲ್ಲಿರುತ್ತೇವೆ. ರಾತ್ರಿ ಎರಡು ಗಂಟೆಗೆ ಕರೆ ಬಂದರೆ ಒಬ್ಬರು ಸುರತ್ಕಲ್‌ನಿಂದ, ಇನ್ನೊಬ್ಬರು ತೊಕ್ಕೊಟ್ಟಿನಿಂದ ಸ್ಕೂಟರ್ ಹತ್ತಿ ಬರಬೇಕು. ಅಮೆರಿಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗಿ ಆಸ್ಪತ್ರೆಯ ಬಾಗಿಲು ಮುಟ್ಟಿದಾಗಿನಿಂದ ಕಟ್ಟಿಕೊಂಡ ರಕ್ತನಾಳ ತೆರೆಯಲು ಬಲೂನ್ ಉಬ್ಬಿಸುವವರೆಗೆ ಕೆಲಸದ ಅವಧಿಯಲ್ಲಿ ಸರಾಸರಿ 95 ನಿಮಿಷ, ಉಳಿದ ಹೊತ್ತಿನಲ್ಲಿ 116 ನಿಮಿಷ ಹಿಡಿದಿತ್ತು. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಮಾತ್ರ ಎರಡೂ ಹೊತ್ತಿನಲ್ಲಿ ಹೆಚ್ಚುಕಡಿಮೆ 33–34 ನಿಮಿಷವೇ, ಏಕೆಂದರೆ ಅದನ್ನು ಕೊಡಲು ಯಾರನ್ನೂ ಮನೆಯಿಂದ ಎಬ್ಬಿಸಬೇಕಾಗಿಲ್ಲ. ಅಂದರೆ ರಾತ್ರಿಯ ನಷ್ಟ ಸುಮಾರು ಇಪ್ಪತ್ತು ನಿಮಿಷ. ಸೋಮವಾರಕ್ಕೆ ಕಾದರೆ ಮೂವತ್ತು ಗಂಟೆ.

ಇಸಿಜಿ ಕಾಗದ ಕೈಗೆ ಬಂದಾಗ ಅದರ ಮೂಲೆಯಲ್ಲಿ ಅಚ್ಚಾಗಿರುವ ಸಮಯ ನೋಡಿ, ನೋವು ಶುರುವಾದದ್ದು ಯಾವಾಗ ಎಂದು ಕೇಳುತ್ತೇವೆ. ಹೆಚ್ಚಿನವರಿಗೆ ಗಂಟೆ ನೆನಪಿರುವುದಿಲ್ಲ. ಒಬ್ಬ ಅಜ್ಜಿ ‘ಕಡೆಯ ಬಸ್ಸು ಹೋದ ಮೇಲೆ’ ಎಂದಿದ್ದರು. ಅಷ್ಟು ಸಾಕಾಯಿತು: ಬಸ್ಸಿನ ವೇಳೆ ನಮ್ಮ ವಾರ್ಡ್‌ ಬಾಯ್‌ಗೆ ಗೊತ್ತಿತ್ತು.

ಉತ್ತರ 2 (ಸಂಖ್ಯಾಶಾಸ್ತ್ರ ಅಧ್ಯಾಪಕ, ಉಡುಪಿ):

ದೊಡ್ಡಪ್ಪನ ಮಗ ಹೇಳುತ್ತಿರುವುದು ಬಹುಶಃ 2007ರಲ್ಲಿ ಪ್ರಕಟವಾದ ನ್ಯೂಜೆರ್ಸಿಯ ಅಧ್ಯಯನ. 1999ರಿಂದ 2002ರವರೆಗಿನ ಹೃದಯಾಘಾತಗಳಲ್ಲಿ, ವಾರಾಂತ್ಯದಲ್ಲಿ ದಾಖಲಾದವರ ಪೈಕಿ ಮೂವತ್ತು ದಿನದೊಳಗೆ ತೀರಿಕೊಂಡವರು ಶೇ. 12.9, ಉಳಿದ ದಿನಗಳಲ್ಲಿ ಶೇ. 12.0. ವಾರಾಂತ್ಯದಲ್ಲಿ ಆಂಜಿಯೋಗ್ರಾಂ (ರಕ್ತನಾಳದ ಚಿತ್ರ ತೆಗೆಯುವುದು), ಆಂಜಿಯೋಪ್ಲಾಸ್ಟಿ (ಬಲೂನಿನಿಂದ ಅದನ್ನು ತೆರೆಯುವುದು) ಕಡಿಮೆ ನಡೆದಿದ್ದವು. ಅದನ್ನು ಲೆಕ್ಕಕ್ಕೆ ಹಿಡಿದಾಗ ಅಂತರ ಬಹುಮಟ್ಟಿಗೆ ಕರಗಿತು. ಆದ್ದರಿಂದ ಅಲ್ಲಿ ತೊಂದರೆ ಕೊಟ್ಟದ್ದು ಪಂಚಾಂಗದ ದಿನವಲ್ಲ, ಆ ದಿನ ಸಿಗದೆ ಹೋದ ಚಿಕಿತ್ಸೆ.

ಇನ್ನೊಂದು ತೊಡಕೂ ಇದೆ. ಸಣ್ಣ ನೋವಿನವರು ಸೋಮವಾರಕ್ಕೆ ಮುಂದೂಡಿ, ತಡೆಯಲಾಗದವರಷ್ಟೇ ಭಾನುವಾರ ಬಂದರೆ, ಭಾನುವಾರದ ವಾರ್ಡಿನಲ್ಲಿ ಗಂಭೀರ ರೋಗಿಗಳೇ ತುಂಬಿರುತ್ತಾರೆ. ಇಂಥ ಲೆಕ್ಕ ಹೋಲಿಸುವುದು ಭಾನುವಾರ ಬಂದವರನ್ನು ಮತ್ತು ಬುಧವಾರ ಬಂದವರನ್ನು. ಭಾನುವಾರ ಬರಬೇಕಿದ್ದವರು ಸೋಮವಾರ ಬಂದರೆ ಏನಾದೀತು ಎಂಬುದನ್ನು ಅದು ಕೇಳಿಯೇ ಇಲ್ಲ. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಅಂಟಿಸುವುದನ್ನು ನನ್ನ ವಿದ್ಯಾರ್ಥಿಗಳೂ ಮಾಡುತ್ತಾರೆ, ಅವರಿಗಾದರೆ ಅಂಕ ಕಳೆದು ಬಿಡುತ್ತೇನೆ.

ಉತ್ತರ 3 (ತಾಲ್ಲೂಕು ಆಸ್ಪತ್ರೆಯೊಂದರ ವೈದ್ಯ, ಕಾರ್ಕಳ ಕಡೆ):

ಕಾಯುವುದರಲ್ಲಿ ಅರ್ಥವಿಲ್ಲ. ರಕ್ತನಾಳ ಪೂರ್ತಿ ಕಟ್ಟಿಕೊಂಡ ಮೇಲೆ ಹೃದಯದ ಸ್ನಾಯು ಗಂಟೆಗಂಟೆಗೂ ಸಾಯುತ್ತ ಹೋಗುತ್ತದೆ. ಇಟಲಿಯಲ್ಲಿ ನಡೆದು 1986ರಲ್ಲಿ ಪ್ರಕಟವಾದ ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಮದ್ದಿನ ಪರೀಕ್ಷೆಯಲ್ಲಿ ಮೊದಲ ಒಂದು ಗಂಟೆಯೊಳಗೆ ಮದ್ದು ಸಿಕ್ಕವರಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು, ತಡವಾದಷ್ಟೂ ಪ್ರಯೋಜನ ಕುಗ್ಗಿತ್ತು. ನಿಮ್ಮ ತಂದೆಯವರ ಪಂಪಿಂಗ್ ಇಳಿದಿರುವುದಕ್ಕೆ ಆ ಕೆಲವು ಗಂಟೆಗಳ ಪಾಲೂ ಇದ್ದೀತು, ಕ್ಷಮಿಸಿ.

ಇಲ್ಲಿನವರಿಗೆ ಇನ್ನೊಂದು ತಪ್ಪು ಕಲ್ಪನೆಯಿದೆ: ಸ್ಟೆಂಟ್ ಹಾಕುವ ಆಸ್ಪತ್ರೆಗೇ ನೇರ ಹೋಗಬೇಕು, ತಾಲ್ಲೂಕು ಆಸ್ಪತ್ರೆಗೆ ಹೋದರೆ ಹೊತ್ತು ಹಾಳು ಎಂದು. ಎರಡು ಗಂಟೆಯೊಳಗೆ ಬಲೂನ್ ಆಗುವಂತಿದ್ದರೆ ಸರಿ. ಮಳೆಗಾಲದ ರಾತ್ರಿ ಬೈಂದೂರಿನ ಒಳಗಿನ ಹಳ್ಳಿಯಿಂದ ಹೊರಟವರಿಗೆ, ದಾರಿಯ ಜೊತೆ ಕ್ಯಾತ್‌ಲ್ಯಾಬ್ ತಂಡ ಕೂಡುವ ಹೊತ್ತನ್ನೂ ಸೇರಿಸಿದರೆ, ಅದು ಕಷ್ಟ. ಅಂಥವರಿಗೆ ಹತ್ತಿರದಲ್ಲೇ ಇಸಿಜಿ ಮಾಡಿಸಿ, ಮದ್ದು ಕೊಡಲು ಅಡ್ಡಿಯಿಲ್ಲವೆಂದಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಕೊಟ್ಟು ಆಮೇಲೆ ಮುಂದಕ್ಕೆ ಕಳುಹಿಸುವುದೇ ಕ್ರಮ. ಇದು ಒಂದೇ ಸಲಕ್ಕೆ ರಕ್ತನಾಳಕ್ಕೆ ಹಾಕುವ ಮದ್ದು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿಯೇ ಸಿಗುತ್ತದೆ. ಹೊರಡುವ ಮುನ್ನ 108ಕ್ಕೆ ಅಥವಾ ಆಸ್ಪತ್ರೆಗೆ ಫೋನ್ ಮಾಡಿ, ಕ್ಯಾತ್‌ಲ್ಯಾಬ್ ಈಗ ನಡೆಯುತ್ತದೆಯೇ ಎಂದು ಕೇಳಿಕೊಳ್ಳಿ. ನೀವು ದಾರಿಯಲ್ಲಿರುವಾಗಲೇ ತಂಡ ಹೊರಟರೆ ಮೇಲೆ ಹೇಳಿದ ಇಪ್ಪತ್ತು ನಿಮಿಷವೂ ಉಳಿಯುತ್ತದೆ. ರೋಗಿಯೇ ವಾಹನ ಓಡಿಸುವುದಂತೂ ಬೇಡ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಡಿಸ್ಚಾರ್ಜ್ ಕಾಗದ ತೆಗೆದು ನೋಡಿದೆ: ಮೊದಲ ಇಸಿಜಿ 4.12ಕ್ಕೆ, ಬಲೂನ್ 5.40ಕ್ಕೆ. ನೋವು ಹನ್ನೊಂದಕ್ಕೆ ಶುರುವಾಗಿತ್ತು. ದಾರಿಗೆ ಹಿಡಿದದ್ದು ಐವತ್ತು ನಿಮಿಷ, ಅದಕ್ಕೂ ಮುಂಚಿನ ನಾಲ್ಕು ಗಂಟೆಯಷ್ಟು ಹೊತ್ತನ್ನು ಕಳೆದದ್ದು ನಮ್ಮ ಮನೆಯ ಚಾವಡಿಯಲ್ಲೇ. ಈ ಉತ್ತರಗಳನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಸಂಜೆ ಬಂದು ತಾಲ್ಲೂಕು ಆಸ್ಪತ್ರೆಯ ಫೋನ್ ನಂಬರನ್ನು ಕ್ಯಾಲೆಂಡರಿನ ಮೇಲೆ ಬರೆಸಿಕೊಂಡು ಹೋದರು.